ಅವ್ವ ಹೇಳಿದ ಆರು ಸೀರೆ, ನಾನು ಬರೆದ ಸೊನ್ನೆ

ಬರಹ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಓದಿ.

ಹೋದ ವಾರ ನಮ್ಮ ಹಟ್ಟಿಯ ಹುಡುಗಿಯೊಬ್ಬಳು ಫೋನ್ ಮಾಡಿದ್ಲು. ಎಂಎಸ್‌ಡಬ್ಲ್ಯೂ ಓದಿ, ಬೇರೊಂದು ಜಿಲ್ಲೆಯ ಪುರಸಭೆಯಲ್ಲಿ ಗುತ್ತಿಗೆ ಮೇಲೆ ಸೇರಿಕೊಂಡಿದ್ದಾಳೆ. ಮನೆಮನೆಗೆ ಹೋಗಿ ಯಾರ ಪರಿಸ್ಥಿತಿ ಹೇಗಿದೆ, ಯಾವ ಸವಲತ್ತಿಗೆ ಯಾರು ಅರ್ಹರು ಅಂತ ವಿಚಾರಿಸಿ ಬರೆದುಕೊಂಡು ಬರೋದು ಅವಳ ಕೆಲಸ. "ಅಣ್ಣಾ, ಕಕ್ಕಸು ಗುಂಡಿ ಬಾಚೋರು ಈ ಊರಲ್ಲಿ ಇದ್ದಾರೆ ಅಂತ ನಂಗೆ ಚೆನ್ನಾಗಿ ಗೊತ್ತು. ಆದ್ರೆ ಕೇಳಿದ್ರೆ ಒಬ್ರೂ ಹೌದು ಅನ್ನಲ್ಲ. ನಾಳೆ ರಿಪೋರ್ಟ್ ಕೊಡಬೇಕು. ಏನಂತ ಬರೀಲಿ?" ಅಂದ್ಲು.

ನನಗೆ ಬಾಯಿ ಕಟ್ಟಿದಂಗಾಯ್ತು. ಯಾಕಂದ್ರೆ ಈ ಪ್ರಶ್ನೆಗೆ ನಾನು ಒಮ್ಮೆ ಉತ್ತರ ಬರೆದಿದ್ದೀನಿ. ತಪ್ಪು ಉತ್ತರ. "ರಾತ್ರಿ ಮಾಡ್ತೀನಿ ಕಣಮ್ಮ" ಅಂತ ಫೋನ್ ಇಟ್ಟೆ. ರಾತ್ರಿ ಫೋನಲ್ಲಿ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ. ಅವಳಂಥವರು ಇನ್ನೂ ಎಷ್ಟೋ ಜನ ಇದ್ದಾರೆ.

ಮೊದಲು ನಮ್ಮವ್ವನ ವಿಷಯ ಹೇಳ್ತೀನಿ.

2002 ರ ಬಡತನದ ರೇಖೆಯ ಗಣತಿ. ಆಗಿನ್ನೂ ನಾನು ಬಿಎ ಮುಗಿಸಿ ಊರಲ್ಲೇ ಕೂಲಿ ನಾಲಿ ಮಾಡ್ಕೊಂಡಿದ್ದೆ. ಗಣತಿಗೆ ಬಂದವರು ಪಕ್ಕದೂರಿನ ಒಬ್ಬ ಮೇಷ್ಟ್ರು. ಒಳ್ಳೆಯ ಮನುಷ್ಯರೇ, ಕೆಟ್ಟವರಲ್ಲ. ಆದರೆ ಹಟ್ಟಿಯ ಒಳಗೆ ಕಾಲಿಡಲಿಲ್ಲ. ಹಟ್ಟಿಗೆ ತಿರುಗೋ ಕಡೆ ಒಂದು ಹೊಂಗೆ ಮರ ಇತ್ತು. ಅದರ ಕೆಳಗೆ ಕುರ್ಚಿ ಹಾಕಿಸಿಕೊಂಡು ಒಬ್ಬೊಬ್ಬರನ್ನೇ ಕರೆಸಿದರು. ಸುತ್ತ ಹತ್ತಿಪ್ಪತ್ತು ಜನ ನಿಂತಿದ್ದರು. ನಮ್ಮವ್ವನ ಸರದಿ ಬಂತು.

"ಏನಮ್ಮ, ಮನೇಲಿ ತಲೆಗೆ ಎಷ್ಟು ಜೊತೆ ಬಟ್ಟೆ ಇದಾವೆ? ನಿನಗೆ ಸೀರೆ ಎಷ್ಟು?"

ಅವ್ವನ ಹತ್ರ ಇದ್ದದ್ದು ಮೂರು ಸೀರೆ. ಒಂದು ಉಟ್ಟಿದ್ದು, ಒಂದು ಒಗೆದು ಹಾಕಿದ್ದು, ಇನ್ನೊಂದು ಅಕ್ಕನ ಮದುವೇಲಿ ಬೀಗರು ಕೊಟ್ಟಿದ್ದು, ಪೆಟ್ಟಿಗೇಲಿ ಇಟ್ಟಿದ್ದು. ಅವ್ವ ಸುತ್ತ ಒಮ್ಮೆ ನೋಡಿದ್ಲು. ತಲೆ ಎತ್ತಿ "ಆರು ಅವೆ ಸ್ವಾಮಿ" ಅಂದ್ಲು.

"ದಿನಾ ಎರಡು ಹೊತ್ತು ಊಟ ಮಾಡ್ತೀರಾ?"

"ಮಾಡ್ತೀವಿ ಸ್ವಾಮಿ. ಯಾವಾಗ್ಲೋ ಒಂದಿನ ಹೆಚ್ಚು ಕಮ್ಮಿ ಆಗ್ತದೆ."

ಮನೆಗೆ ಬಂದ ಮೇಲೆ ನಾನು ರೇಗಾಡಿದೆ. "ಮೂರು ಅಂತ ಹೇಳೋಕೆ ಏನಾಗಿತ್ತು ನಿಂಗೆ?" ಅವ್ವ ಒಲೆ ಊದ್ತಾನೇ ಅಂದ್ಲು: "ಅಷ್ಟು ಜನದ ಮುಂದೆ ನನ್ನ ಸೀರೆ ಎಣಿಸಿಕೊಳ್ಳಲೇನೋ?"

ಆ ಗಣತಿಯ ಲೆಕ್ಕಾಚಾರ ನನಗೆ ತಿಳಿದದ್ದು ಎಷ್ಟೋ ವರ್ಷ ಆದಮೇಲೆ, ಕಚೇರಿಯಲ್ಲಿ ಗುಮಾಸ್ತನಾಗಿ ಕೂತಾಗ. 13 ಪ್ರಶ್ನೆ. ಒಂದೊಂದಕ್ಕೆ ಸೊನ್ನೆಯಿಂದ 4 ಅಂಕ. ಒಟ್ಟು 52. ಅಂಕ ಕಮ್ಮಿ ಬಂದಷ್ಟೂ ಬಡವ. ಜಮೀನು, ಮನೆ, ಬಟ್ಟೆ, ಊಟ, ಕಕ್ಕಸು, ಓದು, ಸಾಲ, ಗುಳೆ ಎಲ್ಲಕ್ಕೂ ಅಂಕ. ಬಟ್ಟೆಯಲ್ಲಿ ಒಂದು ಬರಬೇಕಾದ ಕಡೆ ಅವ್ವ ಮೂರು ಹಾಕಿಸಿಕೊಂಡಿದ್ದಳು. ಊಟದಲ್ಲೂ ಹಾಗೇ. ಅದು ಸಾಲದು ಅಂತ, ಒಂದು ರಾಜ್ಯದಲ್ಲಿ ಎಷ್ಟು ಜನ ಬಡವರು ಇರಬಹುದು ಅನ್ನೋದನ್ನ ದೆಹಲಿಯ ಯೋಜನಾ ಆಯೋಗ ಮೊದಲೇ ಅಂದಾಜು ಮಾಡಿ ಮಿತಿ ಹಾಕಿತ್ತು. ಪಾತ್ರೆಯ ಅಳತೆ ಮೊದಲೇ ತೀರ್ಮಾನ ಆಗಿತ್ತು. ನಾವು ಅದರೊಳಗೆ ಹಿಡಿಸಬೇಕಿತ್ತು, ಅಷ್ಟೆ. ಪಟ್ಟಿಯಲ್ಲಿ ನಮ್ಮ ಮನೆ ಹಿಂದಕ್ಕೆ ಬಿತ್ತು. ಸೋರುವ ಗುಡಿಸಲಲ್ಲಿ ಇನ್ನೂ ಒಂಬತ್ತು ಮಳೆಗಾಲ ಕಳೆದೆವು.

ಗೆಳೆಯರೇ, ಅವ್ವ ಸುಳ್ಳು ಹೇಳಿದಳು, ನಿಜ. ಆದರೆ ಆ ಸುಳ್ಳು ಯಾವ ಕಡೆಗೆ ಹೋಯಿತು ನೋಡಿ. ಸರ್ಕಾರಕ್ಕೆ ಯಾವಾಗಲೂ ಒಂದೇ ಭಯ. ಇಲ್ಲದ ಬಡತನ ಹೇಳಿಕೊಂಡು ಬಂದು ಕಬಳಿಸುತ್ತಾರೆ ಅನ್ನೋ ಭಯ. ಎಲ್ಲಾ ಫಾರಂ, ಎಲ್ಲಾ ಕಾಲಂ, ಎಲ್ಲಾ ಷರಾ ಆ ಕಳ್ಳನನ್ನು ಹಿಡಿಯೋಕೆ ಮಾಡಿದವು. ಇರೋ ಬಡತನವನ್ನ ಮರ್ಯಾದೆಗಾಗಿ ಮುಚ್ಚಿಡುವವರೂ ಇದ್ದಾರೆ ಅಂತ ಯಾವ ಫಾರಂ ಮಾಡಿದವನಿಗೂ ಹೊಳೆದಿಲ್ಲ. ಹೊಳೆಯೋದು ಹೇಗೆ? ಅವನು ಹೊಂಗೆ ಮರ ದಾಟಿ ಈಚೆ ಬಂದಿದ್ದರೆ ತಾನೇ?

ಈ ಅನುಮಾನಕ್ಕೆ ಒಂದು ಇತಿಹಾಸ ಇದೆ. 2002 ಕ್ಕೂ ಮೊದಲಿನದು ನೋಡಿ. 1992 ರ ಗಣತಿಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 11 ಸಾವಿರ ರೂಪಾಯಿ ಆದಾಯ ಅನ್ನೋ ಗೆರೆ ಎಳೆದರು. 1997 ರಲ್ಲಿ ಮೊದಲು ಯಾರನ್ನ ಹೊರಗೆ ಹಾಕಬೇಕು ಅಂತ ನೋಡಿದರು. ಮನೇಲಿ ಸೀಲಿಂಗ್ ಫ್ಯಾನ್ ಇದ್ದರೂ ಸಾಕು, ನೀನು ಬಡವ ಅಲ್ಲ. ಈ ದಾರಿ ಹಿಡಿದು ಹಿಂದಕ್ಕೆ ಹೋದರೆ ನಮ್ಮ ಅಜ್ಜಂದಿರು ಹೇಳ್ತಿದ್ದ ಧಾತು ಬರಕ್ಕೆ ಹೋಗಿ ಮುಟ್ತೀವಿ.

1876 ರಿಂದ 1878. ಧಾತು, ಈಶ್ವರ ಸಂವತ್ಸರಗಳ ಬರ. ಮೈಸೂರು ಸೀಮೆ ಆಗ ಬ್ರಿಟಿಷ್ ಕಮಿಷನರುಗಳ ಕೈಲಿತ್ತು. 1871 ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷಕ್ಕೂ ಮೇಲೆ. 1881 ರಲ್ಲಿ ಎಣಿಸಿದಾಗ ಸಿಕ್ಕಿದ್ದು ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚಾಗಬೇಕಿದ್ದ ಜನ ಎಂಟು ಲಕ್ಷಕ್ಕೂ ಮಿಗಿಲು ಕಮ್ಮಿ ಆಗಿದ್ದರು. ಬರ ಬಂದಾಗ ಮೊದಲು ಬೀಳೋದು ಭೂಮಿ ಇಲ್ಲದವನು, ಕಣದಲ್ಲಿ ಕೊಡೋ ಕಾಳಿಗೆ ಕೈ ಒಡ್ಡಿ ಬದುಕುವವನು. ಅಂದ್ರೆ ನಾವು.

ಆಗ ವೈಸರಾಯ್ ಲಿಟ್ಟನ್ 1877 ರಲ್ಲಿ ದಕ್ಷಿಣಕ್ಕೆ ಕಳಿಸಿದ ಅಧಿಕಾರಿ ರಿಚರ್ಡ್ ಟೆಂಪಲ್. ಖರ್ಚು ಕಮ್ಮಿ ಮಾಡೋದು ಅವನಿಗೆ ಕೊಟ್ಟ ಕೆಲಸ. ನಮ್ಮ ಬಳ್ಳಾರಿಯೂ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ ಅವನು ಮಾಡಿಸಿದ ಲೆಕ್ಕ ಹೀಗಿತ್ತು. ಬರದ ಕಾಮಗಾರಿಯಲ್ಲಿ ದಿನವಿಡೀ ಮೈಮುರಿದು ದುಡಿಯೋ ಗಂಡಸಿಗೆ ಒಂದು ಪೌಂಡ್ ಧಾನ್ಯ, ಜೊತೆಗೆ ಚಿಲ್ಲರೆ ಕಾಸು. ಒಂದು ಪೌಂಡ್ ಅಂದ್ರೆ ಅರ್ಧ ಕೆಜಿಗಿಂತ ಕಮ್ಮಿ. ಮದ್ರಾಸಿನ ಆರೋಗ್ಯ ಅಧಿಕಾರಿ ಡಾ. ಕಾರ್ನಿಷ್ ಇದನ್ನ ಬಲವಾಗಿ ವಿರೋಧಿಸಿದ. ಜೈಲಿನ ಕೈದಿಗೇ ಇದಕ್ಕಿಂತ ಜಾಸ್ತಿ ಕೊಡ್ತೀರಲ್ಲ ಅನ್ನೋದು ಅವನ ವಾದ. ಕೆಲವು ತಿಂಗಳ ಮೇಲೆ ಪಡಿ ಹೆಚ್ಚಿಸಿದರು. ಅಷ್ಟರಲ್ಲಿ ಹೋಗಬೇಕಾದವರು ಹೋಗಿಯಾಗಿತ್ತು.

ಟೆಂಪಲ್ ಬಿಟ್ಟು ಹೋಗಿದ್ದು ಪಡಿಯ ಲೆಕ್ಕ ಮಾತ್ರ ಅಲ್ಲ, ಪರೀಕ್ಷೆ ಮಾಡೋ ಬುದ್ಧಿಯನ್ನೂ ಬಿಟ್ಟುಹೋದ. ನಿಜವಾಗಿ ಹಸಿದವನು ಯಾರು ಅಂತ ತಿಳಿಯೋದು ಹೇಗೆ? ಕಾಮಗಾರಿಯನ್ನ ಊರಿಂದ ದೂರ ಇಡು. ಕೂಲಿ ಕಮ್ಮಿ ಮಾಡು. ಕೆಲಸ ಕಷ್ಟ ಮಾಡು. ಅಷ್ಟಾದರೂ ಬಂದನಾ? ಹಾಗಾದ್ರೆ ಅವನು ನಿಜವಾಗಿ ಹಸಿದವನು. ದಾರಿಯಲ್ಲೇ ಬಿದ್ದವನ ಹಸಿವು ಯಾವ ಪುಸ್ತಕಕ್ಕೂ ಏರಲಿಲ್ಲ.

1877 ರಲ್ಲಿ ಮೈಸೂರಿನ ಬರದ ಕಮಿಷನರ್ ಆಗಿ ಬಂದ ಸಿ.ಎ. ಎಲಿಯಟ್ ಅನ್ನೋ ಅಧಿಕಾರಿಯೇ ಮುಂದೆ ಇಡೀ ದೇಶದ ಬರ ಆಯೋಗಕ್ಕೆ ಕಾರ್ಯದರ್ಶಿ ಆದ. ಆ ಆಯೋಗ 1880 ರಲ್ಲಿ ವರದಿ ಕೊಟ್ಟಿತು. ಅದರ ಮೇಲೆ ಬರ ಸಂಹಿತೆ ಅನ್ನೋ ನಿಯಮದ ಪುಸ್ತಕಗಳು ಹುಟ್ಟಿದವು. ಮೈಯಲ್ಲಿ ಶಕ್ತಿ ಇದ್ದವನಿಗೆ ದುಡಿಮೆಯೇ ಪರೀಕ್ಷೆ. ಇಲ್ಲದವರಿಗೆ, ಅಂದರೆ ಮುದುಕರು, ಕುರುಡರು, ಕಾಯಿಲೆಯವರಿಗೆ, ಊರಲ್ಲೇ ಪಟ್ಟಿ ಮಾಡಿ ಪುಕ್ಕಟೆ ಕಾಳು ಕೊಡಬೇಕು. ಪಟ್ಟಿಯನ್ನ ಊರಿನ ಅಧಿಕಾರಿಗಳ ಕೈಲಿ ಮಾಡಿಸಿ, ಮೇಲಿನಿಂದ ಒಬ್ಬ ತಪಾಸಣೆ ಅಧಿಕಾರಿ ಬಂದು ನೋಡಬೇಕು. ಮನೆ ಬಾಗಿಲಿಗೆ ಬಂದು ಅಗತ್ಯ ಅಳೆಯೋ ಇವತ್ತಿನ ಕೆಲಸದ ಬೇರು ನನಗೆ ಕಾಣೋದು ಅಲ್ಲಿ.

ಆ ನಿಯಮಗಳಲ್ಲಿ ಒಂದು ಮಾತು ನನ್ನನ್ನ ತುಂಬಾ ಕಾಡುತ್ತೆ. ಸಂಪ್ರದಾಯದ ಕಾರಣಕ್ಕೆ ಮನೆಯಿಂದ ಹೊರಗೆ ಬರಲಾರದ, ಪರದೆಯೊಳಗಿನ ಮರ್ಯಾದಸ್ಥ ಹೆಂಗಸರಿಗೆ ಮನೆಗೇ ನೆರವು ತಲುಪಿಸಬೇಕು ಅಂತ ವಿಶೇಷ ವ್ಯವಸ್ಥೆ ಮಾಡಿದ್ದರು. ಸರಿ, ಒಳ್ಳೆಯದೇ. ಹೊರಗೆ ಬರಲಾರದವರ ಸಂಕೋಚ ಸರ್ಕಾರಕ್ಕೆ ಅರ್ಥ ಆಯ್ತು. ಆದರೆ ಅದೇ ಸಂಪ್ರದಾಯದ ಕಾರಣಕ್ಕೆ ಊರ ಒಳಗೆ ಬರಲಾರದವರು ಇದ್ದರಲ್ಲ? ಚಾವಡಿ ಮೆಟ್ಟಿಲು ಹತ್ತಲಾರದವರು? ಅವರಿಗೂ ಒಂದು ಮಾನ ಇದೆ ಅನ್ನೋದು ಯಾರಿಗೂ ಅರ್ಥ ಆಗಲಿಲ್ಲ.

ಊರಲ್ಲಿ ಪಟ್ಟಿ ಮಾಡೋರು ಯಾರು? ಹಳೇ ಮೈಸೂರು ಕಡೆ ಪಟೇಲ, ಶಾನುಭೋಗ. ವಂಶಪಾರಂಪರ್ಯದ ಹುದ್ದೆ. ಊರಿನ ಲೆಕ್ಕ ಶಾನುಭೋಗರ ಕೈಲಿ, ದಂಡ ಪಟೇಲರ ಕೈಲಿ. ನಮ್ಮವರೂ ಆ ವ್ಯವಸ್ಥೆಯಲ್ಲಿ ಇದ್ದರು ಸ್ವಾಮಿ, ಇಲ್ಲ ಅಂತಲ್ಲ. ತೋಟಿ, ತಳವಾರ ಆಗಿ. ಡಂಗುರ ಹೊಡೆಯೋಕೆ, ಕಂದಾಯದ ಗಂಟು ಹೊರೋಕೆ, ಸಾಹೇಬರ ಕುದುರೆ ಹಿಂದೆ ಓಡೋಕೆ. ಪಟ್ಟಿಗೆ ಜನರನ್ನ ಕರೆದುಕೊಂಡು ಬಾ ಅಂತ ಅಟ್ಟಿದಾಗ ಓಡುತ್ತಿದ್ದವನು ನಮ್ಮ ಮುತ್ತಜ್ಜ. ಪಟ್ಟಿ ಬರೆಯೋ ಕೈ ಮಾತ್ರ ಬೇರೆಯದು.

ಈ ವಂಶದ ಹುದ್ದೆಗಳು ಕಾನೂನಿನಲ್ಲಿ ಹೋಗಿದ್ದು 1961 ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ. ಅದು ಜಾರಿಗೆ ಬಂದದ್ದು 1963 ರ ಫೆಬ್ರವರಿ 1. ಸ್ವಾತಂತ್ರ್ಯ ಬಂದು ಹದಿನೈದು ವರ್ಷ ದಾಟಿದ ಮೇಲೆ. ಆಮೇಲೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ವೃದ್ಧಾಪ್ಯ ವೇತನ, ವಿಧವಾ ವೇತನ, ಜಾತಿ, ಆದಾಯ ಎಲ್ಲಕ್ಕೂ ಅವರ ವರದಿಯೇ ಆಧಾರ. ಹುದ್ದೆ ಬದಲಾಯಿತು, ಆದರೆ ಕುರ್ಚಿ ಹಾಕುವ ಜಾಗ ಎಷ್ಟೋ ಊರುಗಳಲ್ಲಿ ಬದಲಾಗಲಿಲ್ಲ.

ಹಾಗಾದ್ರೆ ಒಳಗೆ ಬಂದು ನೋಡಿದವರು ಯಾರೂ ಇರಲಿಲ್ವಾ? ಇದ್ದರು. ಒಬ್ಬರ ಕಾಲೇ ಮುರಿಯಿತು.

1928 ರಲ್ಲಿ ಬಾಂಬೆ ಸರ್ಕಾರ ಶೋಷಿತ ವರ್ಗದವರ ಮತ್ತು ಬುಡಕಟ್ಟು ಜನರ ಸ್ಥಿತಿ ತಿಳಿಯೋಕೆ ಒಂದು ಸಮಿತಿ ಮಾಡಿತು. ಒ.ಎಚ್.ಬಿ. ಸ್ಟಾರ್ಟ್ ಅಧ್ಯಕ್ಷ. ಬಾಬಾಸಾಹೇಬರು ಒಬ್ಬ ಸದಸ್ಯ. ಆಗ ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಎಲ್ಲ ಬಾಂಬೆ ಪ್ರಾಂತ್ಯದಲ್ಲೇ ಇದ್ದವು. ಸದಸ್ಯರು ಜಿಲ್ಲೆಗಳನ್ನ ಹಂಚಿಕೊಂಡು ಹೊರಟರು. ಬಾಬಾಸಾಹೇಬರಿಗೂ ಇನ್ನೊಬ್ಬರಿಗೂ ಖಾನದೇಶ ಬಂತು. ಅವರ "ವೇಟಿಂಗ್ ಫಾರ್ ಎ ವೀಸಾ" ಓದಿದವರಿಗೆ ಈ ಪ್ರಸಂಗ ನೆನಪಿರುತ್ತೆ. ಒಂದು ಊರಿನಲ್ಲಿ ಅಸ್ಪೃಶ್ಯರಿಗೆ ಹಾಕಿದ್ದ ಬಹಿಷ್ಕಾರದ ವಿಚಾರಣೆ ಮುಗಿಸಿ ವಾಪಸ್ ಬರುವಾಗ, 1929 ರ ಅಕ್ಟೋಬರ್ 23 ರಂದು, ಚಾಳೀಸಗಾಂವ್ ಸ್ಟೇಷನ್ನಿನಲ್ಲಿ ಇಳಿದರು. ಅಲ್ಲಿನ ಮಹಾರ್ ಬಂಧುಗಳು ಆ ರಾತ್ರಿ ತಮ್ಮಲ್ಲೇ ಉಳಿಯಬೇಕು ಅಂತ ಬೇಡಿಕೊಂಡರು. ಸ್ಟೇಷನ್ನಿಂದ ಕೇರಿಗೆ ಹೋಗೋಕೆ ಟಾಂಗಾ ಬೇಕು. ಟಾಂಗಾದವರು ಯಾರೂ ಇವರನ್ನ ಕೂರಿಸಿಕೊಂಡು ಗಾಡಿ ಹೊಡೆಯೋಕೆ ಒಪ್ಪಲಿಲ್ಲ. ಕೊನೆಗೆ ಗಾಡಿಯನ್ನ ಬಾಡಿಗೆಗೆ ಕೊಡ್ತೀವಿ, ನಾವು ಹೊಡೆಯಲ್ಲ ಅಂದರು. ಗಾಡಿ ಹೊಡೆದು ಗೊತ್ತಿಲ್ಲದ ನಮ್ಮವನೇ ಒಬ್ಬ ಲಗಾಮು ಹಿಡಿದ. ದಾರಿಯಲ್ಲಿ ಸೇತುವೆ ಮೇಲೆ ಗಾಡಿ ಮಗುಚಿತು. ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಪ್ರಜ್ಞೆ ತಪ್ಪಿದರು. ಕಾಲಿನ ಮೂಳೆ ಮುರಿಯಿತು.

ಆ ಮಹಾರ್ ಬಂಧುಗಳು ಟಾಂಗಾದವರು ಬರಲಿಲ್ಲ ಅನ್ನೋದನ್ನ ಬಾಬಾಸಾಹೇಬರಿಗೆ ಆಗ ಹೇಳಿರಲಿಲ್ಲ. ಅವರಿಗೆ ಗೊತ್ತಾಗಿದ್ದು ಆಮೇಲೆ. ವಿದೇಶದಲ್ಲಿ ಓದಿ ಬಂದ ಬ್ಯಾರಿಸ್ಟರ್, ನಮ್ಮ ಮನೆಗೆ ಬರೋ ದೊಡ್ಡ ಅತಿಥಿ, ನಡೆದುಕೊಂಡು ಬರಬಾರದು. ಆ ಅವಮಾನ ಅವರ ಕಿವಿಗೆ ಬೀಳಬಾರದು. ಮರ್ಯಾದೆಗಾಗಿ ಸತ್ಯ ಮುಚ್ಚಿಟ್ಟರು. ಅಸ್ಪೃಶ್ಯರ ಕಷ್ಟ ತಿಳಿಯೋಕೆ ಅಂತಲೇ ಬಂದ ಮನುಷ್ಯನ ಹತ್ರ, ಕಣ್ಣೆದುರಿಗೆ ನಡೆದ ಅಸ್ಪೃಶ್ಯತೆಯನ್ನ ಅಸ್ಪೃಶ್ಯರೇ ಮುಚ್ಚಿಟ್ಟರು!

ಇದನ್ನ ಓದಿದಾಗ ನನಗೆ ಅವ್ವನ ಆರು ಸೀರೆ ನೆನಪಾಗಿ ಪುಸ್ತಕ ಮುಚ್ಚಿ ಅತ್ತಿದ್ದೀನಿ. ಇದು ಒಬ್ಬಿಬ್ಬರ ಹಠ ಅಲ್ಲ. ಜಾತಿಯ ಅವಮಾನ ಉಂಡು ಉಂಡು ನಮ್ಮ ಜನ ಕಂಡುಕೊಂಡ ಗುರಾಣಿ. ಹೊಟ್ಟೆಗಿಂತ ಮಾನ ಮುಂದೆ. ಆ ಗುರಾಣಿಯೇ ನಮ್ಮನ್ನ ಪಟ್ಟಿಯಿಂದ ಹೊರಗಿಡುತ್ತೆ.

ಈಗ ಪುರಸಭೆಯ ವಿಷಯಕ್ಕೆ ಬರ್ತೀನಿ, ಆ ಹುಡುಗಿ ಕೇಳಿದ ವಿಷಯಕ್ಕೆ.

ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನ ನಿಷೇಧ ಮಾಡಿದರು. ನಮ್ಮ ತಲೆ ಮೇಲಿಂದ ಮಂಕರಿ ಇಳಿಸಿದ ಪುಣ್ಯಾತ್ಮ. ಅದೇ ಕಾಲದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕು ನೋಡಿ 1976 ರಲ್ಲಿ ವರದಿ ಕೊಟ್ಟಿತು. 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಬೇಕು ಅಂತ ಶಿಫಾರಸು ಮಾಡಿತು. ಇವತ್ತಿಗೂ ನಮ್ಮ ಹೋರಾಟದ ಕರಪತ್ರಗಳಲ್ಲಿ ಸಾಲಪ್ಪ ವರದಿಯ ಹೆಸರು ಇದ್ದೇ ಇರುತ್ತೆ. ಯಾಕಂದ್ರೆ ಮುಂದೆ ಸರ್ಕಾರ ಆ ಲೆಕ್ಕವನ್ನ 700 ಕ್ಕೆ ಒಬ್ಬ ಅಂತ ಹಿಗ್ಗಿಸಿತು.

1993 ರಲ್ಲಿ ಕೇಂದ್ರದ ಕಾಯ್ದೆ ಬಂತು. ಮಲ ಹೊರಿಸೋದು ಅಪರಾಧ. ಅದಾದ ಮೇಲೆ ಎಲ್ಲಾ ಕಡೆಯಿಂದ ಒಂದೇ ಉತ್ತರ: ನಮ್ಮಲ್ಲಿ ಯಾರೂ ಇಲ್ಲ. 2010 ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು, ತಾವಿದ್ದ ಜಾಗದಿಂದ ಎಬ್ಬಿಸೋದನ್ನ ವಿರೋಧಿಸಿ, ಪುರಸಭೆ ಮುಂದೆ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ಇಡೀ ನಾಡು ಟಿವಿಯಲ್ಲಿ ನೋಡಿ ಮೂಗು ಮುಚ್ಚಿಕೊಂಡಿತು. ನಾನು ಅದನ್ನ ಬೇರೆ ಥರ ನೋಡ್ತೀನಿ. ಇಲ್ಲ ಇಲ್ಲ ಅಂದವರಿಗೆ, ಇದ್ದೀವಿ ನೋಡಿ ಅಂತ ಕೊಟ್ಟ ಉತ್ತರ ಅದು. ಹಾಗೆ ತೋರಿಸಿಕೊಳ್ಳೋಕೆ ಅವರು ಎಷ್ಟು ಮಾನ ಕಳಕೊಳ್ಳಬೇಕಾಯ್ತು ಯೋಚಿಸಿ.

2011 ರ ಸಾಮಾಜಿಕ ಆರ್ಥಿಕ ಜಾತಿ ಗಣತಿ ಬಂತು. ಮಲ ಹೊರುವ ಕುಟುಂಬಗಳನ್ನ ಯಾವ ಅಂಕವೂ ಇಲ್ಲದೆ ನೇರವಾಗಿ ಬಡವರ ಪಟ್ಟಿಗೆ ಸೇರಿಸಬೇಕು ಅನ್ನೋ ನಿಯಮ ಅದರಲ್ಲಿತ್ತು. ಆ ಗಣತಿಯಲ್ಲಿ ಕರ್ನಾಟಕದ ಹಳ್ಳಿಗಳಲ್ಲೇ 15 ಸಾವಿರಕ್ಕೂ ಹೆಚ್ಚು ಕುಟುಂಬ ಹೌದು ಅಂದವು. ಆಮೇಲೆ 2013 ರ ಹೊಸ ಕಾಯ್ದೆ. ಜಾರಿಯಾದದ್ದು ಡಿಸೆಂಬರ್ 6, ಬಾಬಾಸಾಹೇಬರ ಪರಿನಿಬ್ಬಾಣದ ದಿನ. ಮಲ ಹೊರುವವರನ್ನ ಹುಡುಕಿ ಪಟ್ಟಿ ಮಾಡೋ ಕೆಲಸ ಪುರಸಭೆ, ಪಂಚಾಯತಿಗಳದ್ದು. ಪಟ್ಟಿಗೆ ಸೇರಿದವರಿಗೆ ಗುರುತಿನ ಚೀಟಿ, ತಕ್ಷಣಕ್ಕೆ 40 ಸಾವಿರ ರೂಪಾಯಿ, ಮಕ್ಕಳಿಗೆ ವಿದ್ಯಾರ್ಥಿವೇತನ, ಬೇರೆ ಕೆಲಸ ಕಲಿಯೋಕೆ ತರಬೇತಿ, ಸಾಲ. ಮುಂದಿನ ಸಮೀಕ್ಷೆಗಳಲ್ಲಿ ದೇಶಕ್ಕೆಲ್ಲ ಸೇರಿ ಗುರುತಿಸಿದ್ದು 58,098 ಜನ ಅಂತ ಸಂಸತ್ತಿನಲ್ಲಿ ಹೇಳಿದರು. ಕರ್ನಾಟಕದಲ್ಲಿ 2,927.

15 ಸಾವಿರ ಕುಟುಂಬ ಎಲ್ಲಿ? 2,927 ಜನ ಎಲ್ಲಿ? ಉಳಿದವರು ಎಲ್ಲಿ ಮಾಯ ಆದರು?

ನನಗೆ ಗೊತ್ತು ಎಲ್ಲಿ ಅಂತ. ನನ್ನಂಥ ಗುಮಾಸ್ತರ ಕಡತದಲ್ಲಿ.

ಅಳೆಯೋ ಕೋಲೇ ಹಾಗಿದೆ. ಸರ್ಕಾರ ಹೇಳಿದ ಸಲಕರಣೆ, ರಕ್ಷಣಾ ಸಾಮಗ್ರಿ ಕೊಟ್ಟು ಮಾಡಿಸಿದರೆ ಅವನು ಮಲ ಹೊರುವವನಲ್ಲ. ಸೆಪ್ಟಿಕ್ ಟ್ಯಾಂಕಿಗೆ, ಮ್ಯಾನ್‌ಹೋಲಿಗೆ ಇಳಿಯೋದು ಅಪಾಯಕಾರಿ ಸ್ವಚ್ಛತೆ ಅನ್ನೋ ಬೇರೆ ಕಲಂ. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮೂರಲ್ಲಿ ಇದ್ದಾರೆ ಅಂತ ಪುರಸಭೆ ಬರೆದುಕೊಟ್ಟರೆ, ನಮ್ಮೂರಲ್ಲಿ ಅಪರಾಧ ನಡೀತಿದೆ ಅಂತ ತಾನೇ ಒಪ್ಪಿಕೊಂಡಂಗೆ. ಹುಡುಕಬೇಕಾದವನಿಗೂ ಸಿಗದೇ ಇದ್ದರೆ ಒಳ್ಳೆಯದು. ಹೇಳಬೇಕಾದವನಿಗೂ ನಾಚಿಕೆ. ಇಬ್ಬರ ನಡುವೆ ಹುಟ್ಟೋದೇ ಸೊನ್ನೆ.

ನಾನು ಕೆಲಸ ಮಾಡ್ತಿದ್ದ ಕಚೇರಿಯಲ್ಲೂ ಒಂದು ದಿನ ಶಿಬಿರ ಇಟ್ಟರು. ನೋಟಿಸ್ ಬೋರ್ಡಿಗೆ ಪ್ರಕಟಣೆ ಅಂಟಿಸಿದ್ದು ನಾನೇ. ಮಲ ಹೊರುವವರು ಬಂದು ಅರ್ಜಿ ಕೊಡತಕ್ಕದ್ದು ಅಂತ. ಓದೋಕೆ ಬರದವರಿಗೆ ನೋಟಿಸ್ ಬೋರ್ಡು! ಬೆಳಿಗ್ಗೆ ಹತ್ತರಿಂದ ಟೇಬಲ್ ಹಾಕ್ಕೊಂಡು ಕೂತೆ. ಮಧ್ಯಾಹ್ನ ಗೇಟಿನ ಆಚೆ ಟೀ ಅಂಗಡಿ ಹತ್ರ ಒಬ್ಬರು ನಿಂತಿದ್ದು ಕಂಡಿತು. ಹೆಸರು ಬೇಡ. ಚಿಕ್ಕಪ್ಪ ಅಂತೀನಿ. ಹಳೇ ಪೇಟೆಯ ಓಣಿಗಳಿಗೆ ಸಕ್ಕಿಂಗ್ ಮಷಿನ್ ಗಾಡಿ ಹೋಗಲ್ಲ. ಅಲ್ಲಿ ಗುಂಡಿ ತುಂಬಿದರೆ ರಾತ್ರಿ ಹತ್ತರ ಮೇಲೆ ಕರೆಯೋದು ಚಿಕ್ಕಪ್ಪನನ್ನೇ. ಬಕೆಟ್ಟು, ಹಗ್ಗ, ಒಂದು ಕ್ವಾರ್ಟರ್ ಎಣ್ಣೆ. ಇದು ನನಗೆ ಗೊತ್ತು. ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಚಿಕ್ಕಪ್ಪ ನನ್ನ ಕಡೆ ನೋಡಿದರು. ನಾನೂ ನೋಡಿದೆ. ಎದ್ದು ಹೋಗಿ ಕರೆಯಲಿಲ್ಲ. ಪಕ್ಕದಲ್ಲಿ ಸಹೋದ್ಯೋಗಿಗಳು ಕೂತಿದ್ದರು. ಸ್ವಲ್ಪ ಹೊತ್ತು ನಿಂತಿದ್ದು ಅವರು ಹೊರಟು ಹೋದರು.

ಸಾಯಂಕಾಲ ಐದಕ್ಕೆ "ಯಾರೂ ಬಂದಿಲ್ಲ ತಾನೇ? ನಿಲ್ ರಿಪೋರ್ಟ್ ಹಾಕಿಬಿಡಿ" ಅಂದರು. ಹಾಕಿದೆ. "ಸದರಿ ಪಟ್ಟಣ ವ್ಯಾಪ್ತಿಯಲ್ಲಿ ಮಲ ಹೊರುವ ವೃತ್ತಿಯಲ್ಲಿ ತೊಡಗಿರುವವರ ಸಂಖ್ಯೆ: ಶೂನ್ಯ." ನನ್ನದೇ ಕೈಬರಹ. ಕರಡಿಗೆ ನನ್ನದೇ ಇನಿಷಿಯಲ್. ನಾನು, ಜಯಂತಿ ದಿನ ವೇದಿಕೆ ಹತ್ತಿ ಭಾಷಣ ಮಾಡೋನು.

ಎಷ್ಟೋ ದಿನ ಆದಮೇಲೆ ಒಂದು ಸಾವಿನ ಮನೆಯಲ್ಲಿ ಚಿಕ್ಕಪ್ಪ ಸಿಕ್ಕಿದರು. ಕೇಳಿದೆ, "ಅವತ್ತು ಯಾಕೆ ಒಳಗೆ ಬರಲಿಲ್ಲ?" ಅವರು ಬೀಡಿ ಆರಿಸಿ ಅಂದಿದ್ದು: "ಮಗಳಿಗೆ ಗಂಡು ನೋಡ್ತಿದ್ವಲ್ಲಪ್ಪ. ಅದೂ ಅಲ್ಲದೆ ನೀನು ಕುಂತಿದ್ದೆ. ನನ್ನ ಮಾತಾಡಿಸಿದ್ರೆ ನಿನ್ನ ಜೊತೆ ಕುಂತೋರು ನಿನ್ನ ಹೆಂಗ್ ನೋಡ್ತಿದ್ರೋ."

ನನ್ನ ಮಾನ ಉಳಿಸೋಕೆ ಅವರು ಹೋದರು. ನಾನು ಅವರನ್ನ ಸೊನ್ನೆ ಮಾಡಿದೆ.

ಎರಡು ವರ್ಷದ ಮೇಲೆ ಉಸಿರಾಟದ ಕಾಯಿಲೆಯಲ್ಲಿ ಚಿಕ್ಕಪ್ಪ ತೀರಿಕೊಂಡರು. ಗುರುತಿನ ಚೀಟಿ ಇಲ್ಲ, 40 ಸಾವಿರ ಇಲ್ಲ, ಏನೂ ಇಲ್ಲ. 2014 ರ ಮಾರ್ಚ್ 27 ರಂದು ಸುಪ್ರೀಂ ಕೋರ್ಟು, ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕು ಅಂದಿತು. 2023 ರಲ್ಲಿ ಅದನ್ನ 30 ಲಕ್ಷ ಮಾಡಿತು. ಆ ತೀರ್ಪುಗಳಿಗೆ ಕೈ ಮುಗಿಯುತ್ತೀನಿ. ಆದರೆ ನಮ್ಮ ಗತಿ ನೋಡಿ. ಗುಂಡಿಯೊಳಗೆ ಸತ್ತರೆ ಲೆಕ್ಕಕ್ಕೆ ಸಿಗ್ತೀವಿ. ಗುಂಡಿಯಿಂದ ಎದ್ದು ಬಂದು ಮನೆಯಲ್ಲಿ ಕೆಮ್ಮಿ ಕೆಮ್ಮಿ ಸತ್ತರೆ ಸೊನ್ನೆ.

ಮುಂದೆ ಇನ್ನೊಂದು ಸಲ ಸಮೀಕ್ಷೆಯ ಪತ್ರ ಬಂತು. ಈ ಸಲ ನಾನು ಟೇಬಲ್ ಹಾಕಲಿಲ್ಲ. ಕಚೇರಿ ಮುಗಿಸಿ ಸಾಯಂಕಾಲ ಕೇರಿಗೆ ಹೋದೆ. ಪೆನ್ನು, ಫಾರಂ ಎರಡೂ ತಗೊಂಡು ಹೋಗಲಿಲ್ಲ. ಮೂರು ಸಂಜೆ ಸುಮ್ಮನೆ ಕೂತೆ. ಟೀ ಕುಡಿದೆ. ಯಾರ ಮಗು ಯಾವ ಸ್ಕೂಲು, ಯಾರ ಮನೆ ಸೋರುತ್ತೆ, ಇಂಥವೇ ಮಾತು. ನೀವು ಮಲ ಹೊರ್ತೀರಾ ಅಂತ ಕೇಳಲಿಲ್ಲ. ಆ ಪ್ರಶ್ನೆಗೆ ಹೌದು ಅನ್ನೋ ಮನುಷ್ಯ ಹುಟ್ಟಿಲ್ಲ. "ರಾತ್ರಿ ಹೊತ್ತು ಪೇಟೆಯಿಂದ ಕರೆದರೆ ಯಾರು ಹೋಗ್ತಾರೆ? ಎಷ್ಟು ಕೊಡ್ತಾರೆ? ಬಂದ ಮೇಲೆ ಮೈಗೆ ಏನು ಹಾಕಿ ತೊಳ್ಕೋತಾರೆ?" ಅಂತ ಕೇಳಿದೆ. ಮೊದಲು ಬಾಯಿ ಬಿಟ್ಟವರು ಹೆಂಗಸರು. ಆ ವಾಸನೆ ಒಗೆದು ಒಗೆದು ಬೇಸತ್ತವರು ಅವರೇ ತಾನೇ? ನಾಲ್ಕನೇ ದಿನ ಫಾರಂ ತಗೊಂಡು ಹೋದೆ. ಒಬ್ಬೊಬ್ಬರ ಮನೆಯೊಳಗೆ, ಬಾಗಿಲು ಮುಂದೆ ಮಾಡಿಕೊಂಡು, ಬೇರೆಯವರ ಕಿವಿಗೆ ಬೀಳದ ಹಾಗೆ ಬರೆದೆ. ಏಳು ಹೆಸರು.

ಏಳೂ ಉಳಿಯಲಿಲ್ಲ. ಮೇಲಿನ ಹಂತದಲ್ಲಿ ದಾಖಲೆ ಇಲ್ಲ ಅಂತ ನಾಲ್ಕು ಹೊಡೆದರು. ದಾಖಲೆ ಎಲ್ಲಿಂದ ಬರಬೇಕು? ಗುಂಡಿ ಎತ್ತಿಸಿದ ಮನೆಯವನು ರಸೀದಿ ಕೊಡ್ತಾನಾ? ಕೊಟ್ಟರೆ ಅವನೇ ಒಳಗೆ ಹೋಗಬೇಕು. ಮೂರು ಜನಕ್ಕೆ ಹಣ ಬಂತು. ಒಬ್ಬರು ಕುರಿ ತಗೊಂಡರು. ಒಬ್ಬರು ಸಾಲ ತೀರಿಸಿದರು. ಇನ್ನೊಬ್ಬರು ಇವತ್ತಿಗೂ ರಾತ್ರಿ ಕರೆದರೆ ಹೋಗ್ತಾರೆ. ನಾನು ಗೆದ್ದೆ ಅಂತ ಹೇಳ್ತಿಲ್ಲ. ಆದರೆ ಆ ಊರಿನ ಕಾಲಂನಲ್ಲಿ ಸೊನ್ನೆ ಹೋಯಿತು.

ಅವತ್ತು ರಾತ್ರಿ ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು.

"ನಾಳೆ ರಿಪೋರ್ಟ್ ಕೊಡಬೇಡ. ನಾಲ್ಕು ದಿನ ಸಮಯ ಕೇಳಿ ಬರವಣಿಗೆಯಲ್ಲಿ ಅರ್ಜಿ ಕೊಡು. ಬಾಯಿ ಮಾತು ಬೇಡ, ಟಪಾಲಿನಲ್ಲಿ ಹಾಕಿ ಸ್ವೀಕೃತಿ ಇಸ್ಕೋ. ಕೇರಿಗೆ ಸಾಯಂಕಾಲ ಹೋಗು, ಬಾಗಿಲ ಹತ್ರ ನಿಂತು ಕೇಳಬೇಡ. ಅವರು ಕೊಟ್ಟ ನೀರು ಕುಡಿ. ಹತ್ತು ಜನರ ಮುಂದೆ ಯಾರ ಬಡತನವನ್ನೂ ಕೇಳಬೇಡ. ಇಲ್ಲ ಅಂದರೆ ಅದನ್ನೇ ಉತ್ತರ ಅಂದುಕೋಬೇಡ, ಇನ್ನೊಂದು ದಿನ ಹೋಗು. ಅಷ್ಟಾದರೂ ಸಿಗದೇ ಇದ್ದರೆ ಶೂನ್ಯ ಅಂತ ಬರೀಬೇಡ. ಎಷ್ಟು ಮನೆಗೆ ಹೋದೆ, ಯಾವ ಓಣಿಗೆ ಮಷಿನ್ ಗಾಡಿ ಹೋಗಲ್ಲ, ಅಲ್ಲಿ ಎಷ್ಟು ಗುಂಡಿ ಇವೆ ಅನ್ನೋದನ್ನ ಷರಾ ಕಾಲಂನಲ್ಲಿ ಬರಿ. ಗುಂಡಿ ಇದ್ದ ಮೇಲೆ ಎತ್ತೋ ಕೈಯೂ ಇರಬೇಕಲ್ಲ. ಆ ಲೆಕ್ಕ ಅವರೇ ಕೊಡಲಿ."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಆಮೇಲೆ ಅವಳು ಮೆತ್ತಗೆ ಅಂದ್ಲು: "ಅಣ್ಣಾ, ನಾನೂ ನಮ್ಮ ಹಟ್ಟಿಯೋಳು ಅಂತ ಆಫೀಸಲ್ಲಿ ಯಾರಿಗೂ ಹೇಳಿಲ್ಲ."

ಅದಕ್ಕೆ ನಾನು ಬುದ್ಧಿ ಹೇಳೋಕೆ ಹೋಗಲಿಲ್ಲ. ಮೇಲೆ ಬರೆದಿದ್ದನ್ನೆಲ್ಲ ಓದಿದ ನಿಮಗೆ ಯಾಕೆ ಅಂತ ಗೊತ್ತಾಗುತ್ತೆ. "ಮೊದಲು ಕೇರಿಯವರಿಗೆ ಹೇಳು ಕಣಮ್ಮ. ಆಫೀಸಿಗೆ ಆಮೇಲೆ ಹೇಳಿದರಾಯ್ತು" ಅಂದೆ.

2027 ರ ಜನಗಣತಿ ಬರ್ತಿದೆ. ಜಾತಿಯನ್ನೂ ಎಣಿಸ್ತಾರಂತೆ. ಗಣತಿಗೆ ಹೋಗೋ ಮೇಷ್ಟ್ರುಗಳೇ, ಅಂಗನವಾಡಿ ಅಕ್ಕಂದಿರೇ, ನನ್ನಂಥ ಗುಮಾಸ್ತರೇ, ಕೈ ಮುಗಿದು ಕೇಳ್ತೀನಿ. ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೋಬೇಡಿ. ಒಳಗೆ ಬನ್ನಿ. ನಮ್ಮ ಅವ್ವಂದಿರು ಆರು ಸೀರೆ ಅಂದರೆ ನಗುತ್ತಾ ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಟೀ ಬರೋ ಹೊತ್ತಿಗೆ ಮೂರು ಅಂತ ಅವರೇ ಹೇಳ್ತಾರೆ.

ನಮ್ಮವ್ವ ಈಗಿಲ್ಲ. ಪೆಟ್ಟಿಗೆಯಲ್ಲಿ ಬೀಗರು ಕೊಟ್ಟ ಆ ಸೀರೆ ಇನ್ನೂ ಇದೆ. ಮಡಿಕೆ ಬಿಚ್ಚಿಲ್ಲ.

ಜೈಭೀಮ್.